ಪರಿಮಾಣ ಮರೆತ ಪ್ರವಾಸ

ಪುಣೆಯ ಪ್ರವಾಸ ಕಂಪನಿಗಳ ಯುರೋಪ್ ಜಾಹೀರಾತುಗಳಲ್ಲಿ ಜೈನ ಊಟದ ವ್ಯವಸ್ಥೆ ಇದೆಯೆಂಬ ಸಾಲು ಈಗ ಹೊಸತಲ್ಲ. ಅಡುಗೆಯವರನ್ನೇ ತಂಡದೊಡನೆ ಕರೆದೊಯ್ಯುವ ಏರ್ಪಾಡೂ ಉಂಟು. ಸ್ವಿಟ್ಜರ್ಲೆಂಡಿನ ಹಿಮ ಹಳತಾದ ಮೇಲೆ ಉಳ್ಳವರ ಕಣ್ಣು ಗ್ರೀಸಿನ ಸ್ಯಾಂಟೊರಿನಿ, ಮಿಕೊನೋಸ್ ದ್ವೀಪಗಳ ಮೇಲೆ ಬಿದ್ದಿದೆ: ಬಿಳಿ ಗೋಡೆ, ನೀಲಿ ಗುಮ್ಮಟ, ಕೋಣೆಗೊಂದು ಈಜುಕೊಳ. ಬೆಳಗಾವಿ, ಸಾಂಗಲಿ, ಹುಬ್ಬಳ್ಳಿಗಳಿಂದ ಬಂದು ಪುಣೆಯಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಿಗೂ ಈ ಮೋಹ ತಟ್ಟಿದೆ. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ತಟ್ಟೆಗೆ ಬಾರದಿದ್ದರೆ ಧರ್ಮ ಉಳಿಯಿತೆಂಬ ಸಮಾಧಾನದೊಡನೆ ವಿಮಾನ ಏರಲಾಗುತ್ತದೆ. ಪ್ರಶ್ನೆಗೆ ಒಳಗಾಗಬೇಕಾದದ್ದು ಈ ಸಮಾಧಾನವೇ.

ಸಮುದ್ರ ದಾಟುವುದೇ ಪಾಪವೆಂಬ ಹಳೆಯ ವಾದವನ್ನು ಮತ್ತೆ ಎತ್ತುವ ಅಗತ್ಯವಿಲ್ಲ. 1893ರಲ್ಲಿ ಷಿಕಾಗೋದ ಸರ್ವಧರ್ಮ ಸಮ್ಮೇಳನಕ್ಕೆ ಹೋದ ವೀರಚಂದ ರಾಘವಜಿ ಗಾಂಧಿಯವರು ಆ ಕಾಲದ ಸಂಪ್ರದಾಯಸ್ಥರ ಆಕ್ಷೇಪವನ್ನು ಎದುರಿಸಬೇಕಾಯಿತು. ಇತಿಹಾಸ ನಿಂತದ್ದು ಗಾಂಧಿಯವರ ಪಕ್ಷದಲ್ಲಿ. ವ್ಯಾಪಾರಕ್ಕೆ, ವಿದ್ಯೆಗೆ, ಧರ್ಮಪ್ರಸಾರಕ್ಕೆ ಜೈನರು ದೂರದೇಶಗಳಿಗೆ ಹೋಗುತ್ತಲೇ ಬಂದಿದ್ದಾರೆ. ಇಲ್ಲಿ ಕೇಳಬೇಕಾದ ಪ್ರಶ್ನೆ ಎಷ್ಟು ದೂರ ಹೋದರು ಎಂಬುದಲ್ಲ. ಏತಕ್ಕೆ ಹೋದರು ಮತ್ತು ಅಲ್ಲಿ ಎಷ್ಟನ್ನು ಬಳಸಿದರು ಎಂಬುದು.

ಈ ಎರಡೂ ಪ್ರಶ್ನೆಗಳನ್ನು ಶ್ರಾವಕಾಚಾರ ಆಗಲೇ ಕೇಳಿದೆ. ಐದು ಅಣುವ್ರತಗಳಿಗೆ ಬೇಲಿಯಾಗಿ ನಿಂತ ಗುಣವ್ರತಗಳಲ್ಲಿ ದಿಗ್ವ್ರತ ಮೊದಲನೆಯದು: ಹತ್ತು ದಿಕ್ಕುಗಳಲ್ಲಿಯೂ ಸಮುದ್ರ, ನದಿ, ಪರ್ವತಗಳನ್ನು ಗಡಿಯಾಗಿ ಗೊತ್ತುಪಡಿಸಿಕೊಂಡು ಅದರಾಚೆ ಹೋಗದಿರುವುದು. ಭೋಗೋಪಭೋಗ ಪರಿಮಾಣವು ಬಳಕೆಗೆ ಮಿತಿ ಹಾಕುತ್ತದೆ. ಅನರ್ಥದಂಡ ವಿರತಿ ಇವೆರಡಕ್ಕಿಂತ ಸೂಕ್ಷ್ಮವಾದದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕದಡುವುದರ ಜೊತೆಗೆ ಪ್ರಯೋಜನವಿಲ್ಲದೆ ಅಲೆಯುವುದನ್ನೂ ಇತರರನ್ನು ಅಲೆಯಿಸುವುದನ್ನೂ ದೋಷವೆಂದು ಎಣಿಸುತ್ತಾರೆ. ರೆಸಾರ್ಟ್ ಎಂಬ ಪದ ಹುಟ್ಟುವ ಎಷ್ಟೋ ಶತಮಾನ ಮೊದಲೇ ಅದರ ವಿಮರ್ಶೆ ಬಸದಿಯ ಗ್ರಂಥಭಂಡಾರದಲ್ಲಿ ಸಿದ್ಧವಾಗಿತ್ತು. ಅದನ್ನು ಬಿಚ್ಚಿ ಓದುವವರು ಕಡಿಮೆಯಾದರು, ಅಷ್ಟೆ.

ಸ್ಯಾಂಟೊರಿನಿಯ ಸ್ಥಿತಿಯನ್ನು ನೋಡಿದರೆ ಈ ವಿಮರ್ಶೆ ಒಣ ಶಾಸ್ತ್ರವಲ್ಲವೆಂಬುದು ತಿಳಿಯುತ್ತದೆ. ದ್ವೀಪದ ನಿವಾಸಿಗಳು ಸುಮಾರು 15 ಸಾವಿರ. 2023ರಲ್ಲಿ ಅಲ್ಲಿಗೆ ಬಂದವರು ಸುಮಾರು 34 ಲಕ್ಷ. ದ್ವೀಪದಲ್ಲಿ ನದಿಯಿಲ್ಲ. ಹಿಂದೆ ಜನ ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟು ಬದುಕುತ್ತಿದ್ದರು; ಈಗ ವಿದ್ಯುತ್ತು ಸುರಿದು ಸಮುದ್ರದ ಉಪ್ಪು ತೆಗೆದ ನೀರೇ ಮುಖ್ಯ ಆಧಾರ. ಜ್ವಾಲಾಮುಖಿಯ ಮೆತ್ತನೆಯ ಬಂಡೆಯಲ್ಲಿ ನಾವಿಕರೂ ಬಡವರೂ ಕೊರೆದುಕೊಂಡಿದ್ದ ಗುಹೆಮನೆಗಳು ಇಂದು ಸಿರಿವಂತರ ತಂಗುದಾಣಗಳಾಗಿವೆ, ಅಲ್ಲಿಗೆ ವರ್ಗವಾಗಿ ಬರುವ ಶಿಕ್ಷಕರಿಗೂ ವೈದ್ಯರಿಗೂ ಬಾಡಿಗೆ ಮನೆ ಸಿಗುವುದು ಕಷ್ಟವಾಗಿದೆ. ಪುಣೆಯಲ್ಲಿ ಕುಡಿಯುವ ನೀರನ್ನು ಬಟ್ಟೆಯಲ್ಲಿ ಗಾಳಿಸಿ, ಹನಿಯೊಂದರಲ್ಲಿಯೂ ಜೀವರಾಶಿಯನ್ನು ಕಾಣುವ ಮನೆತನ, ನೀರಿಲ್ಲದ ದ್ವೀಪದಲ್ಲಿ ಸ್ವಂತಕ್ಕೊಂದು ಕೊಳವನ್ನು ಬಾಡಿಗೆಗೆ ಹಿಡಿಯುತ್ತದೆ. ಆ ಕೊಳದ ದಂಡೆಯ ಮೇಲೆ ಕೂತು ಉಣ್ಣುವ ಊಟಕ್ಕೆ ಜೈನ ಊಟವೆಂದು ಹೆಸರು.

ಇನ್ನೊಂದು ಸಂಗತಿ ಇದಕ್ಕಿಂತ ನೇರವಾಗಿ ಚುಚ್ಚುತ್ತದೆ. ಫಿರಾ ಊರಿನ ಕೆಳಗಿನ ಹಳೆಯ ಬಂದರಿನಿಂದ ಐನೂರಕ್ಕೂ ಮಿಕ್ಕಿದ ಮೆಟ್ಟಿಲುಗಳ ಮೇಲೆ ಪ್ರವಾಸಿಗರನ್ನು ಕತ್ತೆ, ಹೇಸರಗತ್ತೆಗಳು ಹೊತ್ತೊಯ್ಯುತ್ತವೆ. ಅವುಗಳ ಬೆನ್ನಿನ ಹುಣ್ಣು ಲೋಕದ ಕಣ್ಣಿಗೆ ಬಿದ್ದ ಮೇಲೆ, 2018ರಲ್ಲಿ ಗ್ರೀಸ್ ಸರ್ಕಾರ ನಿಯಮ ಮಾಡಿತು: ಪ್ರಾಣಿಯ ತೂಕದ ಐದನೆಯ ಒಂದು ಭಾಗ ಅಥವಾ 100 ಕಿಲೋ ಮೀರಿದ ಭಾರ ಹೇರಕೂಡದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದರ ಹೆಸರು ಅತಿಭಾರಾರೋಪಣ, ಎಂದರೆ ಪ್ರಾಣಿಯ ಮೇಲೆ ಮಿತಿಮೀರಿದ ಹೊರೆ ಹೇರುವುದು. ಗ್ರೀಸಿನ ಸರ್ಕಾರ 2018ರಲ್ಲಿ ಕಂಡುಕೊಂಡದ್ದನ್ನು ಪಾಠಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ದೊಡ್ಡವರಾದ ಮೇಲೆ ಕತ್ತೆಯ ಬೆನ್ನೇರಿ ಭಾವಚಿತ್ರ ತೆಗೆಸಿಕೊಳ್ಳುವುದಾದರೆ ಆ ಬಾಯಿಪಾಠದ ಫಲವೇನು?

ಸಮಾಜದ ನೆನಪು ಇಷ್ಟು ಬೇಗ ಅಳಿಯಬಾರದಿತ್ತು. ಕೇಂದ್ರ ಸರ್ಕಾರದ 2019ರ ಆಗಸ್ಟ್ ಅಧಿಸೂಚನೆಯಲ್ಲಿ ಪಾರಸನಾಥ ಬೆಟ್ಟದ ಸುತ್ತಲಿನ ಪರಿಸರ ಸೂಕ್ಷ್ಮ ವಲಯದೊಳಗೆ ಪ್ರವಾಸೋದ್ಯಮಕ್ಕೆ ಅವಕಾಶವಿತ್ತು. ಇಪ್ಪತ್ತು ತೀರ್ಥಂಕರರು ಮೋಕ್ಷ ಹೊಂದಿದ ಸಮ್ಮೇದ ಶಿಖರಜಿ ಮೋಜಿನ ತಾಣವಾಗಕೂಡದೆಂದು 2022ರ ಡಿಸೆಂಬರಿನಲ್ಲಿ ನಗರ ನಗರಗಳಲ್ಲಿ ಜೈನರು ಬೀದಿಗಿಳಿದರು. ಜೈಪುರದಲ್ಲಿ ಉಪವಾಸ ಕೂತ ಮುನಿಗಳೊಬ್ಬರು ದೇಹತ್ಯಾಗ ಮಾಡಿದರು. 2023ರ ಜನವರಿ 5ರಂದು ಕೇಂದ್ರ ಆ ಅವಕಾಶಕ್ಕೆ ತಡೆ ಹಾಕಿತು. ಆಗ ಮಂಡಿಸಿದ ವಾದ ಸ್ಪಷ್ಟವಾಗಿತ್ತು: ಉಳ್ಳವರ ವಿಲಾಸಕ್ಕೆ ಒಂದು ನೆಲದ ಬಾಳನ್ನು ಕೆಡಿಸುವ ಹಕ್ಕಿಲ್ಲ. ಆ ವಾದ ಶಿಖರಜಿಗೆ ಮಾತ್ರ ಅನ್ವಯಿಸುತ್ತದೆ, ಪರರ ಬೆಟ್ಟಕ್ಕೂ ಪರರ ದ್ವೀಪಕ್ಕೂ ಅನ್ವಯಿಸುವುದಿಲ್ಲ ಎಂದರೆ ಅದು ಧರ್ಮದ ವಾದವಾಗಿ ಉಳಿಯುವುದಿಲ್ಲ, ಸ್ವತ್ತಿನ ವಾದವಾಗುತ್ತದೆ.

ಕಾಲದ ವಿಪರ್ಯಾಸವೂ ಗಮನಾರ್ಹ. ಗ್ರೀಕ್ ದ್ವೀಪಗಳು ತುಂಬಿ ತುಳುಕುವುದು ಜುಲೈ, ಆಗಸ್ಟ್ ತಿಂಗಳುಗಳಲ್ಲಿ. ಅದು ಚಾತುರ್ಮಾಸದ ಕಾಲ. ಹಸಿನೆಲದ ಸೂಕ್ಷ್ಮಜೀವಿಗಳಿಗೆ ಪಾದದಿಂದ ಬಾಧೆಯಾದೀತೆಂದು ಬರಿಗಾಲಿನ ಮುನಿಗಳು ವಿಹಾರ ನಿಲ್ಲಿಸಿ ಒಂದೆಡೆ ನಿಲ್ಲುವ ನಾಲ್ಕು ತಿಂಗಳಲ್ಲಿಯೇ, ಅವರಿಗೆ ಆಹಾರ ನೀಡಬೇಕಾದ ಶ್ರಾವಕರು ಆಕಾಶಮಾರ್ಗದಲ್ಲಿ ವಿಹಾರ ಹೊರಡುತ್ತಾರೆ.

ಹಣ ಅವರದು, ದುಡಿಮೆ ಅವರದು, ಕೇಳುವವರು ಯಾರು ಎಂಬ ಆಕ್ಷೇಪ ಬರುತ್ತದೆ. ಪ್ರವಾಸಿಗರು ಹೋಗದಿದ್ದರೆ ದ್ವೀಪದವರು ಉಣ್ಣುವುದೇನು ಎಂಬ ಇನ್ನೊಂದು ಮಾತೂ ಉಂಟು. ಮೊದಲನೆಯದಕ್ಕೆ ಉತ್ತರ ಪರಿಗ್ರಹ ಪರಿಮಾಣದಲ್ಲಿಯೇ ಇದೆ: ಆ ವ್ರತ ಕಳ್ಳನಿಗೆ ಹೇಳಿದ್ದಲ್ಲ, ಕಳ್ಳನಿಗೆ ಅಚೌರ್ಯವೇ ಸಾಕಿತ್ತು, ನ್ಯಾಯವಾಗಿ ಗಳಿಸಿದವನಿಗಾಗಿಯೇ ಅದನ್ನು ಬೇರೆಯಾಗಿ ವಿಧಿಸಲಾಯಿತು. ಎರಡನೆಯದಕ್ಕೆ ಉತ್ತರವನ್ನು ದ್ವೀಪದವರೇ ಕೊಟ್ಟಿದ್ದಾರೆ. 2025ರಿಂದ ಸ್ಯಾಂಟೊರಿನಿಯಲ್ಲಿ ಹಡಗಿನಿಂದ ಇಳಿಯುವವರ ಸಂಖ್ಯೆಗೆ ದಿನಕ್ಕೆ 8,000ದ ಮಿತಿ ಬಂದಿದೆ. ಜನಜಂಗುಳಿಯ ತಿಂಗಳುಗಳಲ್ಲಿ ಹಡಗಿನ ಪ್ರವಾಸಿಗನೊಬ್ಬನಿಗೆ 20 ಯೂರೋ ಶುಲ್ಕ ಬಿದ್ದಿದೆ. ಉಣ್ಣಲು ಪ್ರವಾಸಿಗರನ್ನೇ ನೆಚ್ಚಿದವರು ಪರಿಮಾಣ ಹಾಕಿಕೊಂಡಿದ್ದಾರೆ. ಪರಿಮಾಣವೆಂಬ ತತ್ತ್ವವನ್ನು ಜಗತ್ತಿಗೆ ಕೊಟ್ಟೆವೆಂದು ಹೆಮ್ಮೆಪಡುವವರು ಮಾತ್ರ ಅದನ್ನು ಪರ್ವದಿನಗಳ ಪ್ರವಚನಕ್ಕೆ ಬಿಟ್ಟುಕೊಟ್ಟಿದ್ದಾರೆ.

ಇದು ಪುಣ್ಯಪಾಪದ ಲೆಕ್ಕವಷ್ಟೇ ಅಲ್ಲ, ಸಮಾಜದ ಅರ್ಥವ್ಯವಸ್ಥೆಯ ಲೆಕ್ಕವೂ ಹೌದು. 2023-24ರಲ್ಲಿ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಭಾರತೀಯರು ಹೊರದೇಶಕ್ಕೆ ಕಳುಹಿಸಿದ ಸುಮಾರು 3,170 ಕೋಟಿ ಡಾಲರಿನಲ್ಲಿ ಅರ್ಧಕ್ಕೂ ಮಿಕ್ಕ ಭಾಗ, ಸುಮಾರು 1,700 ಕೋಟಿ ಡಾಲರ್, ಪ್ರವಾಸಕ್ಕೆ ಹೋಯಿತು. ಇತ್ತ ಬೆಳಗಾವಿ, ಕೊಲ್ಲಾಪುರ, ಸಾಂಗಲಿ ಸೀಮೆಯ ಜೈನರಲ್ಲಿ ಬಹುಮಂದಿ ಇಂದಿಗೂ ಒಕ್ಕಲುತನದವರು. 2019ರ ಆಗಸ್ಟಿನಲ್ಲಿ ಕೃಷ್ಣೆ, ಪಂಚಗಂಗೆಗಳು ಉಕ್ಕಿದಾಗ ಕಬ್ಬಿನ ಗದ್ದೆಯೊಡನೆ ವರ್ಷದ ಅನ್ನ ಕಳೆದುಕೊಂಡವರು. 1899ರಲ್ಲಿ ಹುಟ್ಟಿದ ದಕ್ಷಿಣ ಭಾರತ ಜೈನ ಸಭೆ ಈ ಒಕ್ಕಲು ಮಕ್ಕಳಿಗಾಗಿಯೇ ಊರೂರಲ್ಲಿ ಬೋರ್ಡಿಂಗುಗಳನ್ನು ಕಟ್ಟಿತು. ಇಂದು ಪುಣೆಯಲ್ಲಿ ರೆಸಾರ್ಟಿನ ಹಣ ಕಟ್ಟುವವರಲ್ಲಿ ಅನೇಕರ ಅಜ್ಜಂದಿರು ಅಂಥ ಬೋರ್ಡಿಂಗಿನ ಅನ್ನ ಉಂಡು ಓದಿದವರು.

ಅದೇ ಪುಣೆಯ ಮಾಡೆಲ್ ಕಾಲೊನಿಯ ಶೇಠ್ ಹಿರಾಚಂದ ನೇಮಚಂದ ಜೈನ ಬೋರ್ಡಿಂಗಿನ ಜಾಗದ ಮಾರಾಟದ ವಿರುದ್ಧ 2025ರ ಅಕ್ಟೋಬರಿನಲ್ಲಿ ಸಮಾಜ ಒಂದಾಗಿ ಎದ್ದಿತು. ತಿಂಗಳ ಕೊನೆಗೆ ಮಾರಾಟ ಮುರಿದುಬಿದ್ದಿತು. ಆ ಜಯ ನಿಜವಾದದ್ದು. ಆದರೆ ನೆಲ ಉಳಿಸಿಕೊಳ್ಳುವುದು ಒಂದು ತಿಂಗಳ ಆವೇಶದಿಂದ ಸಾಧ್ಯ. ಅದರ ಮೇಲೆ ಮಕ್ಕಳನ್ನು ಓದಿಸುವುದಕ್ಕೆ ವರ್ಷವರ್ಷವೂ ಹಣ ಬೇಕು. ಘೋಷಣೆ ಕೂಗಿದ ಕೈಗಳು ಜೇಬಿಗೆ ಹೋಗದಿದ್ದರೆ ನಾಳೆ ಮತ್ತೊಂದು ಬೋರ್ಡಿಂಗ್ ಬರಿದಾಗಿ ನಿಲ್ಲುತ್ತದೆ, ಬರಿದಾದ ಕಟ್ಟಡಕ್ಕೆ ಕೊಳ್ಳುವವರು ತಾವಾಗಿ ಬರುತ್ತಾರೆ.

ಆದ್ದರಿಂದ ಸುಧಾರಣೆ ಮನೆಯಿಂದಲೇ ಆರಂಭವಾಗಲಿ. ದಶಲಕ್ಷಣ ಪರ್ವದಲ್ಲಿ ಪ್ರತಿ ಕುಟುಂಬವೂ ಮುಂದಿನ ವರ್ಷದ ಪ್ರವಾಸಕ್ಕೊಂದು ಪರಿಮಾಣವನ್ನು ಬರೆದಿಡಲಿ: ಎಷ್ಟು ದೂರ, ಎಷ್ಟು ದಿನ, ಎಷ್ಟು ಖರ್ಚು. ವಿಲಾಸಕ್ಕೆ ತೆಗೆದಿಟ್ಟ ಮೊತ್ತದಷ್ಟನ್ನೇ ಒಬ್ಬ ವಿದ್ಯಾರ್ಥಿಯ ಶಾಸ್ತ್ರದಾನಕ್ಕೂ ತೆಗೆದಿಡುವ ಕಟ್ಟಳೆಯನ್ನು ಪುಣೆಯ ಜೈನ ಮಂಡಳಿಗಳು ಆರಂಭಿಸಲಿ. ಮಕ್ಕಳಿಗೆ ಲೋಕ ತೋರಿಸಬೇಕೆಂಬ ಹಂಬಲ ತಪ್ಪಲ್ಲ. ಆದರೆ ಏಜಿಯನ್ ಗುಹೆಯ ಹಾಸಿಗೆಯನ್ನು ಕಂಡ ಮಗು, ಪುಣೆಗೆ ಹತ್ತಿರದ ಮಾವಳ ಸೀಮೆಯ ಪಾಲೆ ಗುಹೆಯಲ್ಲಿ ಅರ್ಹಂತರಿಗೆ ನಮಿಸುವ, ಎರಡು ಸಾವಿರ ವರ್ಷ ಹಳೆಯ ಪ್ರಾಕೃತ ಶಾಸನವೊಂದಿದೆ ಎಂಬುದನ್ನೇ ಅರಿಯದೆ ಬೆಳೆದರೆ, ಅದು ಕಂಡ ಲೋಕ ಯಾವುದು?

ಗಡಿ ಹಾಕಿಕೊಂಡವನು ಬಡವನಲ್ಲ. ಗಡಿಯನ್ನು ತಾನೇ ಹಾಕಿಕೊಳ್ಳುವ ಶಕ್ತಿಯುಳ್ಳವನನ್ನೇ ಪರಂಪರೆ ಶ್ರಾವಕನೆಂದು ಕರೆದದ್ದು. ಉಳಿದವನು ಗಿರಾಕಿ.