ಬೆಂಕಿ ಅವರದು, ಹೊಗೆ ನಮ್ಮದು

2020ರ ಜನವರಿಯ ಮೊದಲ ದಿನಗಳಲ್ಲಿ ಕಾಡ್ಗಿಚ್ಚಿನ ಹೊಗೆ ಕ್ಯಾನ್‌ಬೆರಾವನ್ನು ಮುತ್ತಿದಾಗ ಇಲ್ಲಿನ ಗಾಳಿ ಪ್ರಪಂಚದ ಅತಿ ಕೆಟ್ಟ ಗಾಳಿಗಳಲ್ಲೊಂದಾಗಿತ್ತು. ಕಚೇರಿಗಳು ಬಾಗಿಲು ಹಾಕಿದವು, ಅಂಗಡಿಗಳಲ್ಲಿ ಮಾಸ್ಕ್ ಮುಗಿದುಹೋಯಿತು. ಮನೆಯೊಳಗೇ ಇರಿ ಎಂದು ಸರ್ಕಾರ ಹೇಳಿದಾಗ ಯಾರೂ ತಕರಾರು ಮಾಡಲಿಲ್ಲ. ಜೂನ್ ಬಂದೊಡನೆ ಅದೇ ಮರದ ಹೊಗೆ ಪಕ್ಕದ ಮನೆಯ ಚಿಮಣಿಯಿಂದ ಹೊರಟರೆ ಮಾತ್ರ ಅದು ಚಳಿಗಾಲದ ಸೊಗಸಾಗಿಬಿಡುತ್ತದೆ. ಈ ವ್ಯತ್ಯಾಸ ನಮ್ಮ ಶ್ವಾಸಕೋಶಕ್ಕೆ ತಿಳಿಯುವುದಿಲ್ಲ.

ಜುಲೈ ರಾತ್ರಿಗಳಲ್ಲಿ ಇಲ್ಲಿ ಉಷ್ಣತೆ ಸೊನ್ನೆಗಿಂತ ಕೆಳಗಿಳಿಯುತ್ತದೆ. ತಣ್ಣನೆಯ ಗಾಳಿ ತಗ್ಗಿನಲ್ಲಿ ನಿಲ್ಲುತ್ತದೆ, ಮೇಲಿನ ಬೆಚ್ಚನೆಯ ಪದರ ಅದಕ್ಕೆ ಮುಚ್ಚಳ ಹಾಕುತ್ತದೆ. ಹೀಗಾಗಿ ನಾವಿರುವ ಟಗ್ಗರನಾಂಗ್ ಕಣಿವೆಯಲ್ಲಿ ಸಂಜೆ ಹೊತ್ತಿಸಿದ ಸೌದೆ ಹೀಟರುಗಳ ಹೊಗೆ ಬೆಳಗಾದರೂ ಕದಲುವುದಿಲ್ಲ. ಅದರ ಸೂಕ್ಷ್ಮ ಕಣಗಳು ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿಗಿಂತಲೂ ಚಿಕ್ಕವು. ಕಿಟಕಿ ಮುಚ್ಚಿದರೂ ಸಂದಿಯಲ್ಲಿ ನುಸುಳುತ್ತವೆ, ಉಸಿರಿನೊಡನೆ ರಕ್ತಕ್ಕೂ ಸೇರುತ್ತವೆ. ಹೊರಗಾಳಿಯಲ್ಲಿನ ಇಂಥ ಕಣಗಳು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2013ರಲ್ಲೇ ಹೇಳಿದೆ.

ಲೆಕ್ಕಪತ್ರವೇ ನನ್ನ ಕಸುಬಾದ್ದರಿಂದ ನನಗೆ ಕಾಣುವುದು ಇಷ್ಟು. ಹೀಟರಿನ ಶಾಖವೆಲ್ಲ ಒಬ್ಬರ ಖಾತೆಗೆ ಜಮೆಯಾಗುತ್ತದೆ. ಆಸ್ತಮಾದ ಇನ್‌ಹೇಲರ್, ಆಸ್ಪತ್ರೆಯ ರಾತ್ರಿ, ಶಾಲೆ ತಪ್ಪಿದ ದಿನ ಇವೆಲ್ಲ ಬೀದಿಯವರ ಖಾತೆಗೆ ಖರ್ಚು ಬೀಳುತ್ತವೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ತನ್ನ ಖರ್ಚನ್ನು ಪಕ್ಕದವರ ಪುಸ್ತಕದಲ್ಲಿ ಬರೆಯುವ ಕಂಪನಿಯನ್ನು ಯಾವ ಆಡಿಟರೂ ಒಪ್ಪುವುದಿಲ್ಲ. ಇದನ್ನು ಮಾತ್ರ ‘ನನ್ನ ಮನೆ, ನನ್ನ ಇಷ್ಟ’ ಎಂದು ಒಪ್ಪಬೇಕಂತೆ.

ಹೊಸ ಹೀಟರುಗಳಿಗೆ ಮಾನದಂಡವಿದೆಯಲ್ಲ ಎನ್ನುತ್ತಾರೆ. ಇದೆ. 2019ರಿಂದ ಕೆ.ಜಿ. ಸೌದೆಗೆ 1.5 ಗ್ರಾಂ ಕಣಗಳ ಮಿತಿ. ಆದರೆ ಅದನ್ನು ಅಳೆಯುವುದು ಪ್ರಯೋಗಾಲಯದಲ್ಲಿ, ಚೆನ್ನಾಗಿ ಒಣಗಿದ ಸೌದೆಯಿಟ್ಟು. ಮನೆಯಲ್ಲಿ ಹಸಿ ಸೌದೆ ತುರುಕಿ, ಗಾಳಿಯ ಕಿಂಡಿ ಮುಚ್ಚಿ, ರಾತ್ರಿಯಿಡೀ ಹೊಗೆಯಾಡಲು ಬಿಟ್ಟು ಮಲಗುವವರ ಲೆಕ್ಕ ಆ ಪ್ರಮಾಣಪತ್ರದಲ್ಲಿಲ್ಲ. ಬಜೆಟ್ ಅಂದಾಜನ್ನೇ ವರ್ಷದ ಕೊನೆಯ ಲೆಕ್ಕವೆಂದು ತೋರಿಸಿದಂತೆ ಇದು.

ಹೀಟರ್ ಬದಲಿಸಿದರೆ ಏನಾಗುತ್ತದೆಂಬುದಕ್ಕೆ ಟಾಸ್ಮೇನಿಯಾದ ಲಾನ್ಸೆಸ್ಟನ್ ನಗರ ಸಾಕ್ಷಿ. ಅಲ್ಲಿ 2001ರಲ್ಲಿ ಸುಮಾರು 20 ಲಕ್ಷ ಡಾಲರ್ ಖರ್ಚಿನ ಕಾರ್ಯಕ್ರಮ ಶುರುವಾಯಿತು. ಸೌದೆ ಹೀಟರಿದ್ದ ಮನೆಗಳು ಶೇ. 66ರಿಂದ 30ಕ್ಕೆ ಇಳಿದವು, ಚಳಿಗಾಲದ ಗಾಳಿಯಲ್ಲಿನ ಕಣಗಳು ಘನ ಮೀಟರಿಗೆ 44 ಮೈಕ್ರೋಗ್ರಾಂನಿಂದ 27ಕ್ಕೆ. ಗಂಡಸರ ಸಾವಿನ ಪ್ರಮಾಣ ಶೇ. 11ರಷ್ಟು ಇಳಿಯಿತೆಂದು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿತು. ಅಂಥ ಕಾರ್ಯಕ್ರಮವಿರದ ಹೋಬಾರ್ಟ್‌ನಲ್ಲಿ ಈ ಇಳಿಕೆ ಕಾಣಲಿಲ್ಲ. ಇಷ್ಟು ಅಗ್ಗಕ್ಕೆ ಇಷ್ಟು ಲಾಭ ತಂದ ಸರ್ಕಾರಿ ಖರ್ಚು ನನ್ನ ಕಣ್ಣಿಗೆ ಬಿದ್ದದ್ದು ಅಪರೂಪ.

ನಮ್ಮವರಲ್ಲೂ ಕೆಲವರು ನಗುತ್ತಾರೆ: ‘ಬಚ್ಚಲೊಲೆಯ ಹೊಗೆ ಕುಡಿದೇ ಬೆಳೆದವರಲ್ಲವೇ ನಾವು?’ ನಿಜ. ಊದುಗೊಳವೆ ಹಿಡಿದು ಕೆಮ್ಮಿದ ಅಮ್ಮಂದಿರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರ ಕಷ್ಟ ನೋಡಿಯೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ‘ಅಸ್ತ್ರ ಒಲೆ’ ರೂಪಿಸಿ ಹೊಗೆಯನ್ನು ಅಡುಗೆಮನೆಯಿಂದ ಹೊರಗೆ ಕಳಿಸಿದರು. ಬೇರೆ ದಾರಿಯಿಲ್ಲದ, ಮನೆಗಳು ದೂರದೂರವಿದ್ದ ಹಳ್ಳಿಗೆ ಅದು ದೊಡ್ಡ ಉಪಕಾರ. ಬೇಲಿಗೆ ಬೇಲಿ ತಾಗಿದ ಬಡಾವಣೆಯಲ್ಲಿ, ಗೋಡೆಯ ಮೇಲೆ ಏರ್ ಕಂಡೀಷನರ್ ಇದ್ದೂ ಅಂದಕ್ಕೆಂದು ಬೆಂಕಿ ಹಾಕುವವರು ಆ ಅಮ್ಮಂದಿರ ಹೆಸರು ಹೇಳಬಾರದು.

ಸೌದೆಯನ್ನೇ ನಂಬಿದ ಬಡವರೂ ಇಲ್ಲಿದ್ದಾರೆ, ಒಪ್ಪುತ್ತೇನೆ. ಅವರಿಗೆ ದಂಡ ಹಾಕಬಾರದು, ಬದಲಿ ಹೀಟರಿನ ಪೂರ್ತಿ ಖರ್ಚು ಕೊಡಬೇಕು. ಒಂದು ಯೂನಿಟ್ ವಿದ್ಯುತ್ತಿಗೆ ಮೂರು ಯೂನಿಟ್‌ಗೂ ಮಿಕ್ಕಿ ಶಾಖ ಕೊಡುವ ರಿವರ್ಸ್ ಸೈಕಲ್ ಯಂತ್ರಗಳು ಮಾರುಕಟ್ಟೆಯಲ್ಲಿವೆ.

ಇಲ್ಲಿನ ಸರ್ಕಾರ ಸೌದೆ ಹೀಟರುಗಳನ್ನು ನಿಲ್ಲಿಸುವ ಗುರಿ ಇಟ್ಟುಕೊಂಡಿರುವುದು 2045ಕ್ಕೆ. ಈಗ ಹುಟ್ಟಿದ ಮಗು ಅಷ್ಟರಲ್ಲಿ ಕಾಲೇಜು ಸೇರಿರುತ್ತದೆ. ಮನೆಗಳಿಗೆ ಹೊಸ ಗ್ಯಾಸ್ ಸಂಪರ್ಕವನ್ನು 2023ರ ಕೊನೆಯಲ್ಲೇ ನಿಲ್ಲಿಸಲು ಸಾಧ್ಯವಾಯಿತು. ಮೊಲೊಂಗ್ಲೊ ಕಣಿವೆಯ ಕೆಲವು ಹೊಸ ಬಡಾವಣೆಗಳಲ್ಲಿ ಸೌದೆ ಹೀಟರ್ ಕೂಡದೆಂಬ ನಿಯಮವೂ ಇದೆ. ಹಾಗಿದ್ದರೆ ಹಳೆಯ ಬಡಾವಣೆಗಳವರ ಶ್ವಾಸಕೋಶವೇನು ಬೇರೆಯೇ?

ಆಗಬೇಕಾದದ್ದು ಮೂರು ಕೆಲಸ. ಬಡಾವಣೆಗಳಲ್ಲಿ ಹೊಸ ಸೌದೆ ಹೀಟರಿಗೆ ಈಗಿಂದೀಗಲೇ ಅನುಮತಿ ನಿಲ್ಲಬೇಕು. ಮನೆ ಮಾರುವಾಗ ಹಳೆಯದನ್ನು ಕಿತ್ತು ಕೊಡುವುದು ಕಡ್ಡಾಯವಾಗಬೇಕು. ಗಾಳಿ ಅಲುಗದ ರಾತ್ರಿಗಳಲ್ಲಿ, ಬೇರೆ ಹೀಟರಿರುವ ಮನೆಗಳಲ್ಲಿ ಸೌದೆ ಉರಿಸುವುದಕ್ಕೆ ನಿಷೇಧವಿರಬೇಕು, ಮತ್ತು ಅದನ್ನು ಅಧಿಕಾರಿಗಳೇ ಬೀದಿಗಿಳಿದು ನೋಡಬೇಕು. ಹೊಗೆ ಕುಡಿದವನೇ ದಿನಚರಿ ಬರೆದು, ಫೋಟೋ ತೆಗೆದು, ನೆರೆಯವರ ವೈರ ಕಟ್ಟಿಕೊಂಡು ಸಾಬೀತು ಮಾಡಲಿ ಎನ್ನುವುದು ನಿಯಂತ್ರಣವಲ್ಲ, ಜವಾಬ್ದಾರಿಯಿಂದ ಜಾರಿಕೊಳ್ಳುವ ಉಪಾಯ.