ಘಟಸರ್ಪದ ನಾಡಿನಲ್ಲಿ ನಾಲ್ಕು ದಿನ

೧೯೫೮ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಜವಾಹರಲಾಲ ನೆಹರೂ ಅವರು ಮಗಳು ಇಂದಿರೆಯೊಡನೆ ಭೂತಾನಕ್ಕೆ ಹೋದಾಗ ಆ ದೇಶದಲ್ಲಿ ಮೋಟಾರು ಓಡುವ ರಸ್ತೆಯೇ ಇರಲಿಲ್ಲ. ಸಿಕ್ಕಿಮಿನ ನಾಥುಲಾ ಘಟ್ಟವನ್ನೇರಿ, ಟಿಬೆಟ್ಟಿನ ಚುಂಬಿ ಕೊಳ್ಳವನ್ನು ಹಾದು, ಕುದುರೆಗಳನ್ನೂ ಚಮರೀಮೃಗಗಳನ್ನೂ ನೆಚ್ಚಿ ದಿನಗಟ್ಟಲೆ ಪಯಣಿಸಿದ ಮೇಲೆ ಅವರಿಗೆ ಪಾರೋ ಕಣಿವೆಯ ದರ್ಶನವಾಯಿತು. ಇಂದಿನ ಯಾತ್ರಿಕನಿಗೆ ಆ ಪ್ರಯಾಸವಿಲ್ಲ. ಭಾರತದ ಗಡಿರಸ್ತೆ ಪಡೆಯವರು ೧೯೬೦ರ ದಶಕದಲ್ಲಿ ಬೆಟ್ಟ ಕಡಿದು ಕೊಟ್ಟ ಹಾದಿ ಗಡಿಯ ಫುಂಟ್‌ಶೋಲಿಂಗಿನಿಂದ ರಾಜಧಾನಿ ಥಿಂಪುವಿನವರೆಗೆ ಸುಮಾರು ೧೭೦ ಕಿಲೋಮೀಟರ್ ಉಂಟು. ಬೆಳಗ್ಗೆ ಹೊರಟವನು ಹೊತ್ತು ಮುಳುಗುವುದರೊಳಗೆ ಊರು ಸೇರುತ್ತಾನೆ. ಭಾರತೀಯರಿಗೆ ವೀಸಾದ ಗೊಡವೆಯಿಲ್ಲ. ಆದರೆ ೨೦೨೨ರಿಂದೀಚೆಗೆ ತಲೆಗೆ ರಾತ್ರಿಯೊಂದಕ್ಕೆ ೧,೨೦೦ ರೂಪಾಯಿ ಸುಂಕ ತೆರಬೇಕಾಗಿರುವುದರಿಂದ, ಮಕ್ಕಳೊಂದಿಗರಾದ ಗೃಹಸ್ಥರು ನಾಲ್ಕು ದಿನಕ್ಕೇ ಯಾತ್ರೆಯನ್ನು ಮೊಟಕುಗೊಳಿಸಿದರೆ ಅವರನ್ನು ದೂರುವಂತಿಲ್ಲ.

ಆ ನಾಲ್ಕು ದಿನಗಳಲ್ಲಿ ಥಿಂಪುವಿಗೆ ಅರ್ಧ ದಿನ ಸಾಕು. ನೋಡಲೇಬೇಕಾದುದು ಪಾರೋ ಮತ್ತು ಪುನಾಖಾ.

ಪಾರೋ ಕೊಳ್ಳದ ಗದ್ದೆಗಳಿಂದ ಸುಮಾರು ೯೦೦ ಮೀಟರ್ ಮೇಲೆ, ನೇರ ಬಂಡೆಯ ಮುಖಕ್ಕೆ ಜೇನುಗೂಡಿನಂತೆ ಅಂಟಿಕೊಂಡಿರುವ ತಾಕ್‌ತ್ಸಾಂಗ್ ವಿಹಾರದ ಚಿತ್ರವನ್ನು ಕಾಣದವರು ವಿರಳ. ಎಂಟನೆಯ ಶತಮಾನದಲ್ಲಿ ಗುರು ಪದ್ಮಸಂಭವನು ಹೆಣ್ಣು ಹುಲಿಯನ್ನೇರಿ ಗಗನಮಾರ್ಗವಾಗಿ ಇಲ್ಲಿಗೆ ಬಂದು ಗುಹೆಯಲ್ಲಿ ತಪಸ್ಸು ಮಾಡಿದನೆಂದು ಐತಿಹ್ಯ. ಬೈಲಕುಪ್ಪೆಯ ಸುವರ್ಣ ದೇವಾಲಯವನ್ನು ಕಂಡ ನಮ್ಮವರಿಗೆ ಈ ಗುರು ಅಪರಿಚಿತನಲ್ಲ. ಅಲ್ಲಿ ಬುದ್ಧನ ಪಕ್ಕದಲ್ಲಿ ಕುಳಿತ ಮೀಸೆಯ ಸುವರ್ಣ ಪ್ರತಿಮೆ ಆತನದೇ. ಗುಹೆಯ ಸುತ್ತ ವಿಹಾರವೆದ್ದದ್ದು ೧೬೯೨ರಲ್ಲಿ. ಆದರೆ ಇಂದು ಯಾತ್ರಿಕನು ಕೈಮುಗಿಯುವ ಕಟ್ಟಡ ಆ ಕಾಲದ್ದಲ್ಲ. ೧೯೯೮ರ ಏಪ್ರಿಲಿನಲ್ಲಿ ಬೆಂಕಿ ಬಿದ್ದು ಮುಖ್ಯ ಮಂದಿರ ಬೂದಿಯಾಯಿತು. ೨೦೦೫ರ ವೇಳೆಗೆ ಅದೇ ಬಂಡೆಯ ಮೇಲೆ ಅದೇ ಆಕಾರದಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ಪ್ರಾಚೀನ ಶಿಲೆಗಾಗಿ ಹಂಬಲಿಸುವ ನಮ್ಮ ಮನಸ್ಸು ಇದನ್ನು ಕೇಳಿ ತುಸು ಮುದುಡೀತು. ಭೂತಾನಿಗನಿಗೆ ಅಂಥ ಸಂಕೋಚವೇನೂ ಇಲ್ಲ. ಸ್ಥಳ ಪವಿತ್ರ, ಮರ ಸುಡುವಂಥದು, ಕಟ್ಟುವ ಕೈ ತಿಳಿದಿದೆ, ಇನ್ನೇನು ಬೇಕು?

ಪುನಾಖಾದ ಕತೆಯೂ ಇಂಥದೇ. ಗಂಡು ಹೊಳೆಯಾದ ಫೋ ಛು, ಹೆಣ್ಣು ಹೊಳೆಯಾದ ಮೋ ಛು ಎರಡೂ ಕೂಡುವ ಮೂಲೆಯಲ್ಲಿ, ಟಿಬೆಟ್ಟಿನಿಂದ ೧೬೧೬ರಲ್ಲಿ ಬಂದು ಚದುರಿದ ಕಣಿವೆಗಳನ್ನು ಒಂದು ರಾಜ್ಯವಾಗಿ ಬೆಸೆದ ಝಬ್‌ದ್ರುಂಗ್ ನವಾಂಗ್ ನಾಮ್‌ಗ್ಯಾಲ್, ೧೬೩೭ರಲ್ಲಿ ಈ ಕೋಟೆಯನ್ನು ಕಟ್ಟಲಾರಂಭಿಸಿದನು. ಇದನ್ನು ‘ಜೋಂಗ್’ ಎನ್ನುತ್ತಾರೆ: ಅರ್ಧ ಕಚೇರಿ, ಅರ್ಧ ಮಠ. ಒಂದು ಅಂಗಳದಲ್ಲಿ ಗುಮಾಸ್ತ, ಇನ್ನೊಂದರಲ್ಲಿ ಭಿಕ್ಷು. ಝಬ್‌ದ್ರುಂಗನು ೧೬೫೧ರಲ್ಲಿ ಇಲ್ಲಿಯೇ ತೀರಿಕೊಂಡನಾದರೂ, ಗುರು ಏಕಾಂತ ಧ್ಯಾನದಲ್ಲಿದ್ದಾನೆಂದು ಹೇಳಿ ಅರ್ಧ ಶತಮಾನಕ್ಕೂ ಮಿಕ್ಕಿ ಆ ಸುದ್ದಿಯನ್ನು ಮುಚ್ಚಿಟ್ಟು, ಆತನ ಹೆಸರಿನಲ್ಲೇ ಆಜ್ಞೆಗಳನ್ನು ಹೊರಡಿಸುತ್ತಿದ್ದರಂತೆ! ರಾಜನೀತಿಯ ಇತಿಹಾಸದಲ್ಲಿ ಇದಕ್ಕೆ ಸಾಟಿಯಾದ ಗುಟ್ಟು ಸಿಕ್ಕುವುದು ಕಷ್ಟ. ೧೯೦೭ರಲ್ಲಿ ಮೊದಲ ಅರಸ ಉಗ್ಯೆನ್ ವಾಂಗ್‌ಚುಕ್‌ನಿಗೆ ಪಟ್ಟವಾದದ್ದೂ ಇಲ್ಲಿಯೇ. ೧೯೮೬ರಲ್ಲಿ ಬೆಂಕಿ, ೧೯೯೪ರಲ್ಲಿ ಮೇಲಿನ ಹಿಮಸರೋವರ ಒಡೆದು ನುಗ್ಗಿದ ಪ್ರವಾಹ. ಎರಡನ್ನೂ ಉಂಡು ಕೋಟೆ ಮತ್ತೆ ಎದ್ದು ನಿಂತಿದೆ.

ವಸಂತದಲ್ಲಿ ಹೋದವರಿಗೆ ಪಾರೋದ ‘ತ್ಸೆಚು’ ಉತ್ಸವ ದೊರೆಯುವುದುಂಟು. ಮುಖವಾಡಗಳ ಕುಣಿತಗಳಲ್ಲಿ ಒಂದು, ಸತ್ತವರ ವಿಚಾರಣೆ. ಯಮಧರ್ಮನ ಸನ್ನಿಧಿಯಲ್ಲಿ ಬಿಳಿಯ ದೇವನೂ ಕರಿಯ ದೈತ್ಯನೂ ಪಾಪಪುಣ್ಯಗಳ ಲೆಕ್ಕ ಹಿಡಿದು ವಾದಿಸುತ್ತಾರೆ. ಪಾಪಿಯನ್ನು ಕರಿಯ ಹಾಸಿನ ಮೇಲೆ ನರಕಕ್ಕೂ ಪುಣ್ಯವಂತನನ್ನು ಬಿಳಿಯ ಹಾಸಿನ ಮೇಲೆ ಸದ್ಗತಿಗೂ ನಡೆಸುತ್ತಾರೆ. ಚಿತ್ರಗುಪ್ತನ ಕಡತವನ್ನು ಬಲ್ಲ ನಮಗೆ ವ್ಯಾಖ್ಯಾನ ಬೇಕಿಲ್ಲ. ನಡುನಡುವೆ ಕೆಂಪು ಮುಖವಾಡದ, ಉದ್ದ ಮೂಗಿನ ಕೋಡಂಗಿಯೊಬ್ಬ ಕುಣಿಯುವವರನ್ನೂ ನೋಡುವವರನ್ನೂ ಛೇಡಿಸುತ್ತ ಸುಳಿಯುತ್ತಾನೆ. ಅವನ ಹೆಸರು ‘ಆತ್ಸಾರ’. ನಮ್ಮ ‘ಆಚಾರ್ಯ’ ಶಬ್ದವೇ ಹಿಮಾಲಯವನ್ನೇರಿ ಹೀಗಾಗಿದೆ. ಉಪಾಧ್ಯಾಯ ವರ್ಗದವರು ಮುನಿಸಿಕೊಳ್ಳಬಾರದು.

ಉತ್ಸವದ ಅಂಗಳದಲ್ಲಿ ಯಾತ್ರಿಕನ ಕ್ಯಾಮೆರಾವನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯುವುದು ಜನರ ಉಡುಪು. ಗಂಡಸರಿಗೆ ಮೊಣಕಾಲುದ್ದದ ‘ಘೋ’, ಹೆಂಗಸರಿಗೆ ಕಣಕಾಲು ಮುಟ್ಟುವ ‘ಕಿರಾ’; ಜೋಂಗಿನೊಳಗೆ ಹೋಗುವಾಗ ಸಾಮಾನ್ಯ ಗಂಡಸಿನ ಭುಜದ ಮೇಲೆ ಬಿಳಿಯ ಉತ್ತರೀಯ. ಶಾಲೆಯ ಹುಡುಗನಿಂದ ಮಂತ್ರಿಯವರೆಗೆ ಇದೇ ವೇಷ. ‘ನಾವು ನಮ್ಮದನ್ನು ಕಳೆದುಕೊಂಡೆವು, ಇವರು ಉಳಿಸಿಕೊಂಡರು’ ಎಂದು ನಿಟ್ಟುಸಿರಿಡುವ ಪ್ರವಾಸಿಗರು ಬಹಳ. ಉಳಿಸಿಕೊಂಡ ಬಗೆಯನ್ನೂ ಅವರು ತಿಳಿಯುವುದು ಒಳ್ಳೆಯದು. ೧೯೮೯ರಲ್ಲಿ ಈ ಉಡುಪನ್ನೂ ನಡೆನುಡಿಯ ಕಟ್ಟಳೆಗಳನ್ನೂ ದೇಶಕ್ಕೆಲ್ಲ ಕಡ್ಡಾಯ ಮಾಡಲಾಯಿತು. ದಕ್ಷಿಣದ ಸೆಖೆಯ ತಪ್ಪಲಿನಲ್ಲಿ ತಲೆಮಾರುಗಳಿಂದ ಉಳುತ್ತಿದ್ದ, ನೇಪಾಳಿ ಮಾತನಾಡುವ, ಬಹುಮಟ್ಟಿಗೆ ಹಿಂದೂಗಳಾದ ‘ಲ್ಹೋತ್‌ಶಾಂಪಾ’ ಜನಕ್ಕೂ ಅದೇ ದಪ್ಪ ನೇಯ್ಗೆಯ ವಸ್ತ್ರ. ಅವರ ಭಾಷೆಯನ್ನು ಶಾಲೆಗಳಿಂದ ತೆಗೆದರು. ಅದಕ್ಕೂ ಮುಂಚೆ ೧೯೮೫ರ ಪೌರತ್ವದ ಕಾನೂನು ಬಂದು, ೧೯೫೮ರ ಕೊನೆಯೊಳಗೆ ನೆಲಸಿದ್ದಕ್ಕೆ ದಾಖಲೆ ತೋರಿಸೆಂದು ಕೇಳಿತ್ತು. ನೆಹರೂ ಬಂದ ಅದೇ ವರ್ಷ! ಮೂವತ್ತು ವರ್ಷದ ಹಿಂದಿನ ಕಂದಾಯದ ರಸೀತಿಯನ್ನು ಜೋಪಾನವಾಗಿಟ್ಟ ರೈತರು ಎಷ್ಟು ಮಂದಿ ಇದ್ದಾರು? ಪ್ರತಿಭಟನೆ, ದಮನಗಳ ಬಳಿಕ ಲಕ್ಷದಷ್ಟು ಜನ ದೇಶ ಬಿಟ್ಟು ಪೂರ್ವ ನೇಪಾಳದ ಶಿಬಿರಗಳನ್ನು ಸೇರಿದರು. ಅಂದಿನ ಭೂತಾನದ ಜನಸಂಖ್ಯೆಯಲ್ಲಿ ಅದು ಸಣ್ಣ ಪಾಲಲ್ಲ. ಅಪಾಯದಲ್ಲಿದ್ದದ್ದು ತಮ್ಮ ಪುಟ್ಟ ರಾಜ್ಯದ ಉಳಿವು, ಸಿಕ್ಕಿಮಿನ ಗತಿ ಕಣ್ಣ ಮುಂದಿತ್ತು ಎಂಬುದು ಭೂತಾನದ ಪರವಾದ ಮಾತು. ಆ ಭಯ ಹುಸಿಯೆನ್ನಲಾಗದು; ಆದರೆ ಅದರ ಬೆಲೆಯನ್ನು ತೆತ್ತವರು ಗದ್ದೆ ಉಳುತ್ತಿದ್ದವರು.

ಪ್ರವಾಸದ ಕೈಪಿಡಿಗಳಲ್ಲಿ ಈ ಅಧ್ಯಾಯ ಸಾಮಾನ್ಯವಾಗಿ ಇರುವುದಿಲ್ಲ. ಶಿಬಿರಗಳ ಬಹುಪಾಲು ಜನ ೨೦೦೭ರ ಬಳಿಕ ಅಮೆರಿಕೆ ಮೊದಲಾದ ದೇಶಗಳಲ್ಲಿ ನೆಲೆ ಕಂಡರು. ೨೦೨೫ರಲ್ಲಿ ಅವರ ಪೈಕಿ ಕೆಲವರನ್ನು ಅಮೆರಿಕ ಗಡೀಪಾರು ಮಾಡಿ ಭೂತಾನಕ್ಕೆ ಕಳುಹಿಸಿತು. ಪಾರೋದಲ್ಲಿ ವಿಮಾನವಿಳಿದ ಅವರನ್ನು ಅಲ್ಲಿ ನಿಲ್ಲಗೊಡದೆ ಭಾರತದ ಗಡಿಗೆ ಕರೆತಂದು ಬಿಟ್ಟರು. ಅವರಲ್ಲಿ ಕೆಲವರು, ಮೂರು ದಶಕಗಳ ಹಿಂದೆ ತಾಯಿತಂದೆಯರೊಡನೆ ಹೊಕ್ಕಿದ್ದ ನೇಪಾಳದ ಶಿಬಿರವನ್ನೇ ಮತ್ತೆ ಸೇರಿಕೊಂಡರು.