ಕರಡಿಯ ಉಸಿರು, ಪರೀಕ್ಷೆಯ ಅಂಕ

ನಮ್ಮ ಪ್ರೌಢಶಾಲೆಗಳಲ್ಲಿ ಹತ್ತನೆಯ ತರಗತಿಯೆಂದರೆ ಎಸ್.ಎಸ್.ಎಲ್.ಸಿ. ಅಂಕಗಳ ಬೆನ್ನಟ್ಟುವಿಕೆಯೇ ಆಗಿದೆ. ಒಂದಂಕ ಕಡಮೆಯಾದರೆ ಕಣ್ಣೀರು; ಪ್ರವಾಸವೆಂದರೆ ಕಾಲಹರಣ! ಸ್ಪರ್ಧೆಯೇ ತಪ್ಪೆಂಬುದು ನನ್ನ ವಾದವಲ್ಲ. ಕೂಡ್ಲಿಗಿಯಂಥ ಊರಿನ ಬಡ ವಿದ್ಯಾರ್ಥಿಗೆ ಕಾಲೇಜಿನ ಬಾಗಿಲನ್ನು ತೆರೆಯುವುದು ಅಂಕಗಳೇ. ಆದರೆ ಸ್ಪರ್ಧೆ ಯಾವುದರಲ್ಲಿ ಎಂಬುದು ವಿಚಾರಾರ್ಹ.

ಕೂಡ್ಲಿಗಿ ತಾಲ್ಲೂಕಿನಲ್ಲಿಯೇ ಗುಡೇಕೋಟೆಯ ಕರಡಿಧಾಮವಿದೆ. ದರೋಜಿಯ ಕರಡಿಧಾಮ 1994ರಲ್ಲಿ ಸ್ಥಾಪಿತವಾಯಿತು. ಹಂಪಿಯ ಬಳಿಯ ಕಮಲಾಪುರದಲ್ಲಿ ಅಟಲ್ ಬಿಹಾರಿ ವಾಜಪೇಯಿ ಮೃಗಾಲಯವಿದೆ. ನಮ್ಮ ಸೀಮೆಯ ಈ ಕರಡಿಗೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳಿಲ್ಲ. ಅದು ಉಗುರುಗಳಿಂದ ಹುತ್ತವನ್ನೊಡೆದು, ಧೂಳನ್ನು ಊದಿ, ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ಹಲ್ಲಿಲ್ಲದ ಆ ಸಂದಿನಿಂದ ಗೆದ್ದಲನ್ನು ಹೀರುತ್ತದೆ. ಆ ಸದ್ದು ನೂರು ಮೀಟರಿನಾಚೆಗೂ ಕೇಳಿಸುತ್ತದೆ. ‘ಹೀರುವುದು’ ಎಂದೆವು, ವಾಸ್ತವವಾಗಿ, ಬಾಯೊಳಗಿನ ಒತ್ತಡ ಕುಗ್ಗಿದಾಗ ಹೊರಗಿನ ಗಾಳಿಯೇ ಗೆದ್ದಲನ್ನು ಒಳಕ್ಕೆ ನೂಕುತ್ತದೆ. ವಾಯುಭಾರಮಾಪಕದ ಚಿತ್ರವನ್ನು ಬರೆದು ಪೂರ್ಣಾಂಕ ಗಳಿಸಿದವನಿಗೆ, ಅದೇ ನಿಯಮ ತನ್ನೂರಿನ ಹುತ್ತದ ಬಾಯಲ್ಲಿಯೂ ನಡೆಯುತ್ತದೆಂಬ ಅರಿವಿಲ್ಲದಿದ್ದರೆ ಆ ಅಂಕದ ಬೆಲೆಯೇನು?

ಕಾಡಿನ ಕರಡಿ ಅಪಾಯಕಾರಿ. ಅದನ್ನು ಹುಡುಕಿಕೊಂಡು ಹೋಗುವಂತಿಲ್ಲ. ದರೋಜಿಯ ವೀಕ್ಷಣಾ ಗೋಪುರವೂ ಮೃಗಾಲಯವೂ ಇರುವುದು ಅದಕ್ಕಾಗಿಯೇ. ಶಾಲೆ ಶಾಲೆಗಳ ನಡುವೆ ಅಲ್ಲಿ ಸ್ಪರ್ಧೆ ಏರ್ಪಡಲಿ. ವಿದ್ಯಾರ್ಥಿಯು ಒಂದೇ ಪ್ರಾಣಿಯನ್ನು ಒಂದು ಗಂಟೆ ನೋಡಲಿ. ಕಂಡದ್ದನ್ನು ಒಂದು ಪುಟದಲ್ಲಿ, ಊಹಿಸಿದ್ದನ್ನು ಮತ್ತೊಂದರಲ್ಲಿ ಬರೆಯಲಿ. ಅತ್ಯುತ್ತಮ ಪ್ರಶ್ನೆಗೆ ಬಹುಮಾನ ಸಲ್ಲಲಿ. ಅಧ್ಯಾಪಕರೂ ತಂದೆತಾಯಿಗಳೂ ಇದಕ್ಕಾಗಿ ವರ್ಷದಲ್ಲಿ ಒಂದು ದಿನವನ್ನು ಬಿಟ್ಟುಕೊಡಲಾರರೇ? ನೋಡಿ ಪ್ರಶ್ನಿಸುವ ಅಭ್ಯಾಸವು ಪರೀಕ್ಷೆ ಮುಗಿದ ಮೇಲೂ ಜೊತೆಗಿರುತ್ತದೆ. ವಿಜ್ಞಾನವು ಆರಂಭವಾಗುವುದೂ ಅಲ್ಲಿಂದಲೇ.